ಬಳ್ಳಾರಿ ಬಿಸಿಲಲ್ಲೂ ಟಿವಿ ಕಂಪ್ಯೂಟರ್ ಸದ್ದು ಮಾಡದಿರಲಿ

ಏಪ್ರಿಲ್ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. "ಅಣ್ಣಾ, ಟಿವಿಗೆ ಹಾಕಿದ ಕಂಪ್ಯೂಟರು ಮಿಕ್ಸಿ ಥರ ಸೌಂಡ್ ಮಾಡ್ತೈತೆ, ಡೈಲಾಗೇ ಕೇಳ್ಸವಲ್ದು." ಹೋಗಿ ನೋಡಿದರೆ ಕಂಪ್ಯೂಟರ್ ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಕೂತಿರುತ್ತದೆ. ಕೆಲವರು ಸದ್ದು ತಾಳಲಾರದೆ ಫ್ಯಾನಿನ ವೈರನ್ನೇ ಕಿತ್ತಿರುತ್ತಾರೆ. ಹಾಗೆ ಮಾಡಿದರೆ ಪ್ರೊಸೆಸರ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಸಿನಿಮಾ ತಡೆತಡೆದು ಓಡುತ್ತದೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಸದ್ದು ಕಡಿಮೆಯಾಗಬೇಕಾದರೆ ಮೊದಲು ಬಿಸಿಗಾಳಿಗೆ ದಾರಿ ಬೇಕು.

ಮೊದಲ ಹೆಜ್ಜೆ, ಶೋಕೇಸ್. ಬಾಗಿಲು ತೆಗೆದಿಡಿ, ಹಿಂದಿನ ಪ್ಲೈವುಡ್ಡಿನಲ್ಲಿ ಅಂಗೈ ಅಗಲದ ಕಿಂಡಿ ಕೊರೆಸಿ. ಬಡಗಿಗೆ ಅರ್ಧ ಗಂಟೆಯ ಕೆಲಸ. ಕಂಪ್ಯೂಟರಿನ ಡಬ್ಬಿಯ ಸುತ್ತ ನಾಲ್ಕು ಬೆರಳು ಜಾಗ ಇರಲಿ. ಇಷ್ಟು ಮಾಡದೆ ದುಬಾರಿ ಫ್ಯಾನ್ ತಂದರೆ ಅದೇ ಬಿಸಿಗಾಳಿಯನ್ನೇ ಒಳಗೆ ಸುತ್ತಿಸುತ್ತಿರುತ್ತದೆ.

ಎರಡನೆಯದು ಧೂಳು. ನಮ್ಮ ಕಡೆಯ ಧೂಳು ಬೇರೆ ಥರ. ಸಂಡೂರು ರಸ್ತೆ ಕಡೆಯ ಮನೆಗಳಲ್ಲಿ ಹೀಟ್‌ಸಿಂಕ್, ಅಂದರೆ ಪ್ರೊಸೆಸರಿನ ಬಿಸಿ ಹೀರುವ ಹಲ್ಲುಹಲ್ಲಿನ ಲೋಹದ ತುಂಡು, ಬಿಚ್ಚಿದರೆ ಅದಿರಿನ ಕೆಂಪು ಪುಡಿ. ಕೌಲ್ ಬಜಾರಿನ ಒಂದು ಮನೆಯಲ್ಲಿ ಕೆಳಗಡೆ ಜೀನ್ಸ್ ಹೊಲಿಯುತ್ತಿದ್ದರು. ಅಲ್ಲಿ ಫ್ಯಾನ್ ಎತ್ತಿದಾಗ ಹೀಟ್‌ಸಿಂಕಿನ ಹಲ್ಲುಗಳ ಮೇಲೆ ನೀಲಿ ನಾರು ತೆಳ್ಳನೆ ಬಟ್ಟೆಯ ಹಾಗೆ ಹಾಸಿಕೊಂಡಿತ್ತು. ಉಗುರಿನಿಂದ ಎತ್ತಿದರೆ ಇಡೀ ಪದರವೇ ಬಂತು. ಒಂದು ತೂತೂ ಕಾಣಲಿಲ್ಲ. ಅಂಥ ಹೀಟ್‌ಸಿಂಕಿಗೆ ಫ್ಯಾನ್ ಎಷ್ಟು ತಿರುಗಿದರೂ ಏನು ಪ್ರಯೋಜನ?

ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಬಿಡಿಸಿ, ಆಮೇಲೆ ಬ್ಲೋವರ್ ಹಿಡಿಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಒತ್ತಿ ಹಿಡಿಯಲೇಬೇಕು. ಸುಮ್ನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ, ಆಮೇಲೆ ಕರಕರ ಸದ್ದು ಶುರು. ಗಾಳಿ ಒಳಗೆ ಹೋಗುವ ಕಡೆ ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಪರದೆಯ ತುಂಡು ಅಂಟಿಸಿ. ಫಿಲ್ಟರ್ ಎಂದು ಮಾರುವ ಸ್ಪಂಜಿಗಿಂತ ನನಗೆ ಇದೇ ಇಷ್ಟ. ಗಾಳಿ ತಡೆಯುವುದು ಕಡಿಮೆ, ನಲ್ಲಿ ಕೆಳಗೆ ಹಿಡಿದರೆ ತೊಳೆದೇ ಹೋಗುತ್ತದೆ. ಕಂಪ್ಯೂಟರ್ ತಂದು ಮೂರ್ನಾಲ್ಕು ವರ್ಷವಾಗಿದ್ದರೆ ಪ್ರೊಸೆಸರ್ ಮತ್ತು ಹೀಟ್‌ಸಿಂಕಿನ ನಡುವೆ ಹಚ್ಚುವ ಥರ್ಮಲ್ ಪೇಸ್ಟೂ ಬದಲಿಸಿ. ಬಟಾಣಿ ಕಾಳಿನಷ್ಟು ಸಾಕು.

ಫ್ಯಾನ್ ಕೊಳ್ಳುವಾಗ ದೊಡ್ಡದನ್ನೇ ಕೊಳ್ಳಿ. 80 ಮಿಲಿಮೀಟರ್ ಫ್ಯಾನ್ ಕಿರುಚಿಕೊಂಡು ಕೊಡುವ ಗಾಳಿಯನ್ನು 140 ಮಿಲಿಮೀಟರ್ ಫ್ಯಾನ್ ನಿಧಾನವಾಗಿ ತಿರುಗಿಯೇ ಕೊಡುತ್ತದೆ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅಂಥದ್ದೇ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು ಬರೀ 3 ಡೆಸಿಬೆಲ್. ಹಾಗಾಗಿ ಜೋರಾಗಿ ಓಡುವ ಒಂದಕ್ಕಿಂತ ನಿಧಾನದ ಎರಡು ಮೇಲು. ಫ್ಯಾನಿನ ಕನೆಕ್ಟರ್ ನಾಲ್ಕು ಪಿನ್ನಿನದಿರಲಿ, ಅದರ ವೇಗವನ್ನು ಮದರ್‌ಬೋರ್ಡಿನಿಂದ ಹೊಂದಿಸಬಹುದು. ಬಣ್ಣಬಣ್ಣದ ಲೈಟಿನ ಅಗ್ಗದ ಸೆಟ್ ಒಂದನ್ನು ನಾನೂ ತಂದಿದ್ದೆ. ವೈರ್ ನೇರವಾಗಿ ಎಸ್‌ಎಂಪಿಎಸ್‌ಗೆ (ಕರೆಂಟ್ ಕೊಡುವ ಪೆಟ್ಟಿಗೆಗೆ) ಹೋಗುವಂಥದ್ದು, ವೇಗ ಇಳಿಸಲು ದಾರಿಯೇ ಇಲ್ಲ. ಮೂರೂ ಫ್ಯಾನು ಸದಾ ಪೂರ್ತಿ ವೇಗದಲ್ಲಿ ಓಡುತ್ತಿದ್ದವು. ಎರಡೇ ವಾರಕ್ಕೆ ಬಿಚ್ಚಿದೆ.

ಇನ್ನು ಎಲ್ಲರೂ ಎಡವುವ ಜಾಗ, ಫ್ಯಾನ್ ಕರ್ವ್. ಎಷ್ಟು ಬಿಸಿಗೆ ಎಷ್ಟು ವೇಗ ಎಂದು ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ, ಹೇಳುವ ಗೆರೆ ಇದು. ವಿಡಿಯೊ ನೋಡಿ ಯಾವುದೋ ತಂಪು ಊರಿನ ಲೆಕ್ಕವನ್ನು ಹಾಗೇ ತುಂಬುತ್ತಾರೆ. ಫ್ಯಾನ್ ಕೊಡುವುದು ಕೋಣೆಯ ಗಾಳಿಯನ್ನೇ ಅಲ್ವಾ? ಪ್ರೊಸೆಸರ್ ಅದಕ್ಕಿಂತ ತಣ್ಣಗಾಗುವುದಿಲ್ಲ. ಕೋಣೆ 22 ಡಿಗ್ರಿ ಇದ್ದಾಗ 52ರಲ್ಲಿ ನಿಲ್ಲುವ ಪ್ರೊಸೆಸರ್, ಕೋಣೆ 40 ಆದಾಗ ಅದೇ ಕೆಲಸಕ್ಕೆ, ಅದೇ ಫ್ಯಾನ್ ವೇಗದಲ್ಲಿ 70ರ ಹತ್ತಿರ ಹೋಗುತ್ತದೆ. ಕರ್ವ್ 50ಕ್ಕೇ ಏರಲು ಶುರುವಾದರೆ ಮೇ ತಿಂಗಳಿಡೀ ಫ್ಯಾನ್ ಕೂಗುತ್ತಲೇ ಇರುತ್ತದೆ. 70 ಡಿಗ್ರಿ ಕಂಡು ಹೆದರಬೇಡಿ. ಈಚಿನ ಪ್ರೊಸೆಸರ್‌ಗಳು ತಾವಾಗಿ ವೇಗ ಇಳಿಸುವುದು 95, 100ರ ಆಸುಪಾಸಿನಲ್ಲಿ.

ಅದಕ್ಕೇ ಈ ಕೆಲಸವನ್ನು ಡಿಸೆಂಬರಿನಲ್ಲಿ ಮಾಡಬೇಡಿ. ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ ಕೂತು ಮಾಡಿ. ಅರ್ಧ ಗಂಟೆ ಸಿನಿಮಾ ಓಡಿಸಿ, ಬಿಸಿ ಎಲ್ಲಿ ನಿಲ್ಲುತ್ತದೆ ನೋಡಿ. 68 ಎಂದುಕೊಳ್ಳಿ. ಆಗ 70ರವರೆಗೆ ಗೆರೆ ಸಪಾಟಾಗಿರಲಿ, ವೇಗ ಶೇ. 35. ಅಲ್ಲಿಂದ ನಿಧಾನ ಏರಿ 80ಕ್ಕೆ ಶೇ. 60, 90ಕ್ಕೆ ಪೂರ್ತಿ. ಶೇ. 20ಕ್ಕೆ ಇಳಿಸಿದರೆ ಕೆಲವು ಫ್ಯಾನ್ ನಿಂತೇ ಬಿಡುತ್ತವೆ, ಅಷ್ಟು ಆಸೆ ಬೇಡ.

ಕರ್ವಿನ ಪಕ್ಕದಲ್ಲೇ ಬಿಸಿ ಏರಿಳಿದಾಗ ಫ್ಯಾನ್ ವೇಗ ಬದಲಿಸಲು ಎಷ್ಟು ಹೊತ್ತು ತೆಗೆದುಕೊಳ್ಳಬೇಕು ಎಂದು ಹೇಳುವ ಸ್ಟೆಪ್ ಅಪ್, ಸ್ಟೆಪ್ ಡೌನ್ ಎಂಬ ಆಯ್ಕೆ ಬಹಳಷ್ಟು ಬೋರ್ಡ್‌ಗಳಲ್ಲಿ ಇರುತ್ತದೆ. ಇದನ್ನು ಯಾರೂ ಮುಟ್ಟುವುದಿಲ್ಲ. ಜಾಸ್ತಿ ಮಾಡಿ. ಒಂದೇ ಸಮ ಬರುವ ಸದ್ದನ್ನು ಕಿವಿ ಮರೆತುಬಿಡುತ್ತದೆ. ಏರಿ ಇಳಿಯುವ ಸದ್ದು ಪಿಸುಮಾತಿನ ದೃಶ್ಯದ ನಡುವೆ ಚುಚ್ಚುತ್ತದೆ. ಡಬ್ಬಿಯ ಫ್ಯಾನ್‌ಗಳು ಪ್ರೊಸೆಸರ್ ಬದಲು ಮದರ್‌ಬೋರ್ಡಿನ ಬಿಸಿ ನೋಡಿ ಓಡುವ ಹಾಗೆ ಇಟ್ಟರೆ ಇನ್ನೂ ಒಳ್ಳೆಯದು, ಅದು ಹಟಾತ್ತನೆ ಜಿಗಿಯುವುದಿಲ್ಲ.

ಒಂದು ಅಡ್ಡದಾರಿ ಇದೆ, ಇದು ಒಳ್ಳೆಯದು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 100 ಇದ್ದುದನ್ನು 99 ಮಾಡಿ. ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಟರ್ಬೊ ಬೂಸ್ಟ್ (ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವುದು) ಬಂದ್ ಆಗಿ ಬಿಸಿ ಚೆನ್ನಾಗಿ ಇಳಿಯುತ್ತದೆ. ಸಿನಿಮಾ ನೋಡಲು ಟರ್ಬೊ ಬೇಕಿಲ್ಲ. ಪ್ಲೇಯರಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್, ಅಂದರೆ ವಿಡಿಯೊ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಕೊಡುವ ಆಯ್ಕೆ, ಆನ್ ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ 4ಕೆ ವಿಡಿಯೊದ ಪೂರ್ತಿ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ.

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸುತ್ತು ಸುತ್ತುತ್ತದೆ, ಆ ನಡುಕ ಪ್ಲೈವುಡ್ಡಿಗೆ ಹತ್ತಿದರೆ ಇಡೀ ಶೋಕೇಸ್ ಗುಂಯ್ ಎನ್ನುತ್ತದೆ. ಸದ್ಯಕ್ಕೆ ದುಡ್ಡಿಲ್ಲ ಎಂದರೆ ಡಬ್ಬಿಯ ನಾಲ್ಕು ಮೂಲೆಗೆ ರಬ್ಬರ್ ತುಂಡು ಕೊಡಿ.

ಕೋಣೆಯ ಏರ್ ಕೂಲರನ್ನು ಮಾತ್ರ ಕಂಪ್ಯೂಟರ್ ಕಡೆ ತಿರುಗಿಸಬೇಡಿ. ನೀರಿನ ಸಣ್ಣ ಹನಿ ಗಾಳಿಯ ಜೊತೆ ಒಳಗೆ ಹೋಗುತ್ತದೆ, ಧೂಳಿನ ಜೊತೆ ಸೇರಿ ಬೋರ್ಡಿನ ಮೇಲೆ ಕೆಸರಾಗುತ್ತದೆ. ಅಂಥ ಎರಡು ಬೋರ್ಡ್ ನಾನೇ ಕೈಯಾರೆ ಎಸೆದಿದ್ದೇನೆ.

ಕೊನೆಗೆ ಟಿವಿಯ ಸದ್ದು ಪೂರ್ತಿ ಇಳಿಸಿ, ದಿನಾ ಕೂರುವ ಜಾಗದಲ್ಲೇ ಕೂತು ಕೇಳಿ. ಬೇಸಿಗೆಯಲ್ಲಿ ತಲೆ ಮೇಲಿನ ಸೀಲಿಂಗ್ ಫ್ಯಾನ್ ಹೇಗೂ ತಿರುಗುತ್ತಿರುತ್ತದೆ. ಅದರ ಸದ್ದಿನಲ್ಲಿ ಕಂಪ್ಯೂಟರ್ ಮುಳುಗಿದರೆ ಆಯಿತು, ಅದಕ್ಕಿಂತ ಇಳಿಸಲು ಹೋಗಬೇಡಿ. ಈ ಲೆಕ್ಕವನ್ನು ಬಯಾಸ್‌ನಲ್ಲಿ ಒಂದು ಪ್ರೊಫೈಲ್ ಆಗಿ ಉಳಿಸಿ. ಡಿಸೆಂಬರಿನಲ್ಲಿ ಸೀಲಿಂಗ್ ಫ್ಯಾನ್ ಆರಿಸಿ ಮಲಗುವ ದಿನ ಬಂದಾಗ ಶೇ. 35 ಇದ್ದುದನ್ನು 28ಕ್ಕೆ ಇಳಿಸಿ ಇನ್ನೊಂದು ಪ್ರೊಫೈಲ್ ಮಾಡಿಕೊಳ್ಳಿ.