ಹಳೆಯ ಸಣ್ಣ ಕಾರು: ಆಟೊಮ್ಯಾಟಿಕ್ಕೋ, ಮ್ಯಾನುವಲ್ಲೋ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ‘ಆಟೊಮ್ಯಾಟಿಕ್ ಇದೆಯೇ?’ ಎಂದು ಕೇಳಿ ಸುಮ್ಮನಾಗುತ್ತಾರೆ. ಕೇಳಬೇಕಾದದ್ದು ಅದು ಯಾವ ಆಟೊಮ್ಯಾಟಿಕ್ ಎಂಬುದನ್ನು. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಭಾರತಕ್ಕೆ ಬಂದ ಎಎಂಟಿ ಒಳಗಿನಿಂದ ಮ್ಯಾನುವಲ್ ಗೇರ್‌ಬಾಕ್ಸೇ ಆಗಿದ್ದು, ನಮ್ಮ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಅದರಲ್ಲಿ ಯಂತ್ರವೇ ಮಾಡುತ್ತದೆ. ಪೆಡಲ್ ಇಲ್ಲದಿದ್ದರೂ ಕ್ಲಚ್ ಪ್ಲೇಟ್ ಇದ್ದೇ ಇದೆ, ಸವೆಯುತ್ತಲೂ ಇರುತ್ತದೆ. ಹಳೆಯ ಐ10 ಆಟೊಮ್ಯಾಟಿಕ್‌ನಲ್ಲಿರುವುದು ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್, 2015ರ ಬಲೆನೊದಲ್ಲಿ ಬಂದದ್ದು ಬಿಡಿಬಿಡಿ ಗೇರುಗಳ ಬದಲು ಬೆಲ್ಟ್ ಮೇಲೆ ನಡೆಯುವ ಸಿವಿಟಿ. ಇವೆರಡೂ ತೆವಳುವ ಟ್ರಾಫಿಕ್‌ನಲ್ಲಿ ಎಎಂಟಿಗಿಂತ ನಯವಾಗಿ ಸಾಗುತ್ತವೆಯಾದರೂ ಕೆಟ್ಟರೆ ರಿಪೇರಿ ದುಬಾರಿ. ದಿನವೂ ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ದಟ್ಟಣೆಯ ಜಂಕ್ಷನ್ ದಾಟುವವರು ಆಟೊಮ್ಯಾಟಿಕ್ ಕೊಳ್ಳಲಿ. ಉಳಿದವರಿಗೆ, ಅದರಲ್ಲೂ 60,000 ಕಿ.ಮೀ. ಮೀರಿದ ಕಾರಾದರೆ, ಮ್ಯಾನುವಲ್ಲೇ ಸರಿ.

ಬಹುಪಾಲು ಮಂದಿ ಎಡವುವುದು ಟೆಸ್ಟ್ ಡ್ರೈವ್‌ನಲ್ಲಿ. ನನ್ನ ಭಾವಮೈದುನ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ಎಎಂಟಿ ಕಾರಿಗೆ ಮುಂಗಡ ಕೊಟ್ಟ. ಮೂರನೇ ವಾರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಏರಿನಲ್ಲಿ ಕಾರು ನಡುಗುತ್ತ ನಿಂತು, ಸುಟ್ಟ ವಾಸನೆ ಲಿಫ್ಟಿನವರೆಗೂ ಹಬ್ಬಿತ್ತು. ಆದ್ದರಿಂದ ನೀವು ಬರುವ ಮೊದಲು ಕಾರು ಸ್ಟಾರ್ಟ್ ಮಾಡಬಾರದೆಂದು ಮಾಲೀಕರಿಗೆ ತಿಳಿಸಿ, ಹೋದೊಡನೆ ಬಾನೆಟ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ. ಬ್ರೇಕ್ ಒತ್ತಿಕೊಂಡೇ ಡ್ರೈವ್‌ಗೂ ರಿವರ್ಸ್‌ಗೂ ಹಾಕಿದಾಗ ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ತಡಮಾಡದೆ, ‘ಧಡ್’ ಎನ್ನದೆ ಕಚ್ಚಿಕೊಳ್ಳಬೇಕು. ಆಮೇಲೆ ಮುಕ್ಕಾಲು ಗಂಟೆ ಟ್ರಾಫಿಕ್‌ನಲ್ಲೇ ಓಡಿಸಿ, ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾದ ಮೇಲೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮೊದಲು ಮುಂದಕ್ಕೆ, ಅನಂತರ ಕಾರನ್ನು ತಿರುಗಿಸಿಕೊಂಡು ರಿವರ್ಸ್‌ನಲ್ಲಿ ಮೇಲಕ್ಕೆ ಎರಡೆರಡು ಸಲ ಹತ್ತಿಸಿ. ಎಎಂಟಿಯ ಕ್ಲಚ್ ಮುಗಿಯುತ್ತ ಬಂದಿದ್ದರೆ ಆ ಹೊತ್ತಿಗೆ ನಡುಕವೋ ವಾಸನೆಯೋ ಅದನ್ನು ತಿಳಿಸುತ್ತದೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಿಂದಲೇ ಕಾರು ಹಿಡಿದಿಡುವ ಮಾಲೀಕರ ಕೈಯಲ್ಲಿ ಪ್ಲೇಟ್ ಬಹುಬೇಗ ಹೋಗುತ್ತದೆ.

ಮ್ಯಾನುವಲ್ಲಿಗೆ ಇಷ್ಟು ರಂಪ ಬೇಡ: ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿರುವಾಗ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮಾತ್ರ ಕಿರುಚಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ ಎಂದರ್ಥ.

ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿಸುವುದಾದರೆ ಓಡಿಸಿ ಬಂದ ಮೇಲೆ ಹಾಕಿಸಿ. ಮೊದಲೇ ಅಳಿಸಿಟ್ಟ ದೋಷದ ಕೋಡ್‌ಗಳು ಆಗ ಮತ್ತೆ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ‘ಇದೊಂದು ಬಾಟಲಿ ಸುರಿದರೆ ಗೇರ್‌ಬಾಕ್ಸ್ ಸರಿಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸವೆದ ಭಾಗವನ್ನು ಯಾವ ದ್ರವವೂ ಬೆಳೆಸಿಕೊಡುವುದಿಲ್ಲ, ಸಿವಿಟಿಗಂತೂ ಕಂಪನಿ ಹೇಳಿದ ಎಣ್ಣೆಯನ್ನಲ್ಲದೆ ಬೇರೆಯದನ್ನು ಹಾಕಿಸಲೇಬಾರದು. ಆರ್‌ಸಿ, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30, ಸಾಲವಿದ್ದಿದ್ದರೆ ಅದು ತೀರಿದೆಯೆನ್ನುವ ಬ್ಯಾಂಕಿನ ಎನ್‌ಒಸಿ, ಇಷ್ಟನ್ನು ನೋಡಿಕೊಳ್ಳಿ.

ಎಎಂಟಿಗೆ ಹೊಸ ಕ್ಲಚ್ ಹಾಕಿಸಿದ್ದೇವೆ ಎಂದರೆ ಬಿಲ್ ಕೇಳಿ. ಪ್ಲೇಟ್ ಬದಲಾಯಿಸಿದ ಮೇಲೆ ಅದು ಕಚ್ಚುವ ಜಾಗವನ್ನು ಸ್ಕ್ಯಾನರ್ ಮೂಲಕ ಕಾರಿನ ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕಾಗುತ್ತದೆ. ಆ ಕೆಲಸ ಮಾಡಿಸಿದ್ದು ಬಿಲ್ಲಿನಲ್ಲಿ ಕಾಣದಿದ್ದರೆ, ಅದನ್ನು ಮಾಡಿಸಿಕೊಟ್ಟ ಮೇಲೆಯೇ ಮುಂಗಡ ಕೊಡುತ್ತೇನೆಂದು ಹೇಳಿ ಎದ್ದುಬನ್ನಿ.