ಯುದ್ಧಕವಿಯ ಜೀವನಚರಿತ್ರೆ ಬರೆಯುವ ಕ್ರಮ

ಹಾಸನದಲ್ಲಿ ಕುಳಿತು, ಮೊದಲ ಮಹಾಯುದ್ಧದಲ್ಲಿ ಕಾದಿದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್‌ರಂತಹ ಯುದ್ಧಕವಿಯ ಜೀವನಚರಿತ್ರೆ ಬರೆಯಹೊರಟವರು ಮೊದಲು ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು, ಎಡಬದಿಗೆ ಪಲ್ಟನ್ನಿನ ದಿನಚರಿಯನ್ನೂ ಬಲಬದಿಗೆ ಕವಿ ತಾಯಿಗೆ ಬರೆದ ಪತ್ರಗಳನ್ನೂ ತಾರೀಖಿನ ಪ್ರಕಾರ ಇಳಿಸಿಕೊಳ್ಳಬೇಕು. ಎರಡೂ ತಾಳೆಯಾಗದ ಕಡೆಯಲ್ಲೇ ಮನುಷ್ಯ ಸಿಗುತ್ತಾನೆ. ಕರಡುಗಳಿಗೆ ಹೆಚ್ಚು ಸಮಯ ಕೊಡಿ: 1917ರಲ್ಲಿ ಓವೆನ್ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿದ್ದಾಗ ಬರೆದ ಹದಿನಾಲ್ಕು ಸಾಲಿನ ಸಾನೆಟ್ಟೊಂದರ ಹಾಳೆಯಲ್ಲಿ ಸಹರೋಗಿ, ಕವಿ ಸೀಗ್‌ಫ್ರೀಡ್ ಸಸೂನರ ಕೈಯ ತಿದ್ದುಪಡಿಗಳಿದ್ದು, ಯಾವ ಗೀಟು ಯಾರದೆಂದು ಬೇರ್ಪಡಿಸದೆ ಕವಿಯ ಬೆಳವಣಿಗೆಯನ್ನು ಕುರಿತು ಒಂದು ವಾಕ್ಯವನ್ನೂ ಬರೆಯಬಾರದು. ಬರಹ ಭಾವುಕವಾಗತೊಡಗಿದರೆ ಸುತ್ತಲಿನ ವೀರಗಲ್ಲೊಂದರ ಮುಂದೆ ನಿಲ್ಲಿ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ, ನಮ್ಮ ಕೆಲಸವೇನಿದ್ದರೂ ಕೆಳಗಿನ ಪಟ್ಟಿಕೆಯದು. ಓವೆನ್ ಮಡಿದದ್ದು 1918ರ ನವೆಂಬರ್ 4ರಂದು, ಸಾವಿನ ಸುದ್ದಿಯ ತಂತಿ ಮನೆ ಮುಟ್ಟಿದ್ದು ಕದನವಿರಾಮದ 11ರಂದು. ಅಲ್ಲಿ ವಿಶೇಷಣ ಹಾಕದೆ ಎರಡು ತಾರೀಖುಗಳನ್ನಷ್ಟೇ ಇಡಿ.