ಟ್ಯಾಂಗಲ್‌ವುಡ್‌ಗೆ ಮೊದಲ ಸಲ ಹೊರಟವರಿಗೆ

ಬಾಸ್ಟನ್ ಕಡೆಗೆ ಹೊಸದಾಗಿ ಬಂದ ನಮ್ಮವರಿಗೆ ಬೇಸಿಗೆ ಬಂತೆಂದರೆ ನಾನು ಹೇಳುವ ಮೊದಲ ಮಾತು, ಬೇಸಿಗೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಛೇರಿಗಳು ನಡೆಯುವ ಟ್ಯಾಂಗಲ್‌ವುಡ್‌ಗೆ ಒಂದು ಸಲ ಹೋಗಿ ಬನ್ನಿ. "ಆ ಸಂಗೀತ ನಮಗೆ ಅರ್ಥ ಆಗಲ್ಲ" ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಹೇಳಿಕೊಂಡು ಮೂರು ಬೇಸಿಗೆ ಕಳೆದುಕೊಂಡೆ. ಹುಲ್ಲಿನ ಮೇಲೆ ಜಮಖಾನ ಹಾಸಿ, ಕಾಲು ಚಾಚಿ, ಪುಳಿಯೋಗರೆ ತಿಂದು ಮುಗಿಸುವಷ್ಟರಲ್ಲಿ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಅನ್ನುವ ದೊಡ್ಡ ವಾದ್ಯವೃಂದ ನುಡಿಸಲು ಶುರುಮಾಡುತ್ತದೆ. ಕೇಳಿ ನೋಡಿ, ಅಷ್ಟು ಸಾಕು.

ಜಾಗ ಇರುವುದು ಬರ್ಕ್‌ಷೈರ್ ಬೆಟ್ಟಗಳ ನಡುವೆ, ಲೆನಾಕ್ಸ್ ಅನ್ನುವ ಸಣ್ಣ ಊರಿನ ಪಕ್ಕ. ಮೊದಲು ಇದು ಟಪ್ಪನ್ ಮನೆತನದ ಎಸ್ಟೇಟ್. 1936ರಲ್ಲಿ ಅವರು ಅದನ್ನು ಆರ್ಕೆಸ್ಟ್ರಾಗೆ ದಾನವಾಗಿ ಕೊಟ್ಟರು. ಮರುವರ್ಷ ಆಗಸ್ಟ್‌ನಲ್ಲಿ ದೊಡ್ಡ ಟೆಂಟ್ ಹಾಕಿ ಜರ್ಮನಿಯ ಸಂಗೀತಗಾರ ವಾಗ್ನರ್ ಸಂಗೀತ ನುಡಿಸುತ್ತಿದ್ದಾಗ ಗುಡುಗು ಸಮೇತ ಮಳೆ ಹುಯ್ದು ಕಛೇರಿಯನ್ನೇ ನಿಲ್ಲಿಸಬೇಕಾಯಿತು. ಗರ್ಟ್ರೂಡ್ ರಾಬಿನ್ಸನ್ ಸ್ಮಿತ್ ಅನ್ನುವ ಗಟ್ಟಿ ಹೆಂಗಸು ಅಂದೇ ವೇದಿಕೆ ಹತ್ತಿ, ಸೂರು ಕಟ್ಟಲು ಹಣ ಕೊಡಿ ಅಂತ ಜನರನ್ನೇ ಕೇಳಿದರು. 1938ರ ಆಗಸ್ಟ್ 4ಕ್ಕೆ ಬೀಥೋವನ್‌ನ ಒಂಬತ್ತನೇ ಸಿಂಫನಿಯೊಂದಿಗೆ ಆ ಸೂರು ತೆರೆಯಿತು. ಅದನ್ನು ಈಗಲೂ ಬರೀ 'ಶೆಡ್' ಅಂತಲೇ ಕರೆಯುತ್ತಾರೆ. ಸುಮಾರು ಐದು ಸಾವಿರ ಜನ ಕೂರುವ, ಬದಿಗಳು ತೆರೆದೇ ಇರುವ ಶೆಡ್ ಅದು. ಬದಿ ತೆರೆದಿರುವುದರಿಂದಲೇ ಹೊರಗೆ ಹುಲ್ಲಿನ ಮೇಲೆ ಕೂತವರಿಗೂ ಸಂಗೀತ ಸಿಗುತ್ತದೆ. ವಾದ್ಯವೃಂದ ನಡೆಸುವ ಕಂಡಕ್ಟರ್, ನಮ್ಮ ಮುಂಬೈನ ಜುಬಿನ್ ಮೆಹ್ತಾ 1958ರಲ್ಲಿ ಇಲ್ಲಿನ ಬೇಸಿಗೆ ಸಂಗೀತ ಶಾಲೆಯಲ್ಲೇ ವಿದ್ಯಾರ್ಥಿಯಾಗಿದ್ದರು, ಗೊತ್ತಾ?

ಮೊದಲ ಸಲಕ್ಕೆ ಹುಲ್ಲಿನ ಮೇಲೆ ಕೂರುವ ಲಾನ್ ಟಿಕೆಟ್ಟೇ ತಗೊಳ್ಳಿ. ದುಡ್ಡು ಕಮ್ಮಿ, ಆದರೆ ನಾನು ಹೇಳುವುದು ಅದಕ್ಕಲ್ಲ. ಮಕ್ಕಳು ಇದ್ದರೆ ಶೆಡ್ ಒಳಗೆ ನಿಮಗೆ ನೆಮ್ಮದಿ ಇರುವುದಿಲ್ಲ, ಐದು ವರ್ಷದೊಳಗಿನವರನ್ನಂತೂ ಕಛೇರಿ ಹೊತ್ತಿನಲ್ಲಿ ಒಳಗೆ ಬಿಡುವುದೇ ಇಲ್ಲ. ಚಿಕ್ಕ ಮಕ್ಕಳಿದ್ದರೆ ಭಾನುವಾರ ಮಧ್ಯಾಹ್ನದ ಕಛೇರಿ ಒಳ್ಳೆಯದು, ರಾತ್ರಿ ನಿದ್ದೆಗಣ್ಣಲ್ಲಿ ಹೊತ್ತುಕೊಂಡು ಬರುವುದು ತಪ್ಪುತ್ತದೆ.

ಬಾಸ್ಟನ್‌ನಿಂದ ಎರಡೂವರೆ ಗಂಟೆ ದಾರಿ, ಮಾಸ್ ಪೈಕ್ ಹೆದ್ದಾರಿ ಹಿಡಿದು ಲೀ ಅನ್ನುವ ಊರಿನ ಹತ್ತಿರ ಇಳಿಯಬೇಕು. ಎಂಟು ಗಂಟೆ ಕಛೇರಿ ಅಂದರೆ ಐದೂವರೆಗೇ ಅಲ್ಲಿರಿ. ನಾವು ಮೊದಲ ಸಲ ಏಳೂವರೆಗೆ ಲೆನಾಕ್ಸ್ ಮುಟ್ಟಿದೆವು, ಆಮೇಲೆ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡು, ಮೊದಲನೇ ಕೃತಿ ಪೂರ್ತಿ ಪಾರ್ಕಿಂಗ್ ಮೈದಾನದಿಂದ ಮಂದವಾಗಿ ಕೇಳಿಸಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ದಪ್ಪ ಜಮಖಾನ ತನ್ನಿ, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ. ಸಂಜೆ ಆಗುತ್ತಿದ್ದಂತೆ ಹುಲ್ಲು ಒದ್ದೆಯಾಗುತ್ತದೆ, ತೆಳು ಬೆಡ್‌ಶೀಟ್ ಸಾಲುವುದಿಲ್ಲ. ಜುಲೈನಲ್ಲೂ ಬೆಟ್ಟದ ರಾತ್ರಿ ಚಳಿ, ದೊಡ್ಡವರಿಗೆ ಶಾಲು, ಮಕ್ಕಳಿಗೆ ಸ್ವೆಟರ್ ಬೇಕೇ ಬೇಕು. ನಾಯಿ, ದನಗಳ ಮೈಗೆ ಕಚ್ಚಿಕೊಳ್ಳುವ ಉಣ್ಣಿ ಹುಳ, ಇಲ್ಲಿ ಟಿಕ್ ಅಂತಾರೆ, ಲೈಮ್ ಕಾಯಿಲೆ ತರುತ್ತದೆ. ಮರದ ಬುಡದ ಉದ್ದ ಹುಲ್ಲಿಗೆ ಮಕ್ಕಳನ್ನು ಬಿಡಬೇಡಿ, ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ಕಿವಿಯ ಹಿಂದೆ ನೋಡಿ. ಊಟ ಮನೆಯಿಂದಲೇ ತರಬಹುದು, ಅಕ್ಕಪಕ್ಕದವರು ಮಡಚುವ ಮೇಜು, ಮೇಣದ ಬತ್ತಿ ಎಲ್ಲಾ ತಂದಿರುತ್ತಾರೆ. ಪುಳಿಯೋಗರೆ, ಮೊಸರನ್ನ ಸರಿಹೋಗುತ್ತದೆ. ಹಪ್ಪಳ, ಚಿಪ್ಸ್ ಮಾತ್ರ ಕಛೇರಿ ಶುರುವಾಗುವ ಮೊದಲೇ ಮುಗಿಸಿಬಿಡಿ, ಆ ಕರಕರ ಸದ್ದು ಹತ್ತು ಜಮಖಾನ ಆಚೆಗೂ ಕೇಳಿಸುತ್ತದೆ.

ಕಳೆದ ವರ್ಷ ಮೈಸೂರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಶುರುವಿನಲ್ಲಿ ಓಬೋ ಅನ್ನುವ ಊದುವ ವಾದ್ಯ ಒಂದೇ ಒಂದು ಸ್ವರ ಹಿಡಿದು ಊದುತ್ತದೆ, ಉಳಿದವರೆಲ್ಲ ಅದಕ್ಕೆ ತಮ್ಮ ವಾದ್ಯ ಕೂಡಿಸಿಕೊಳ್ಳುತ್ತಾರೆ. ಅಮ್ಮ ತಟ್ಟೆ ಕೆಳಗಿಟ್ಟು, "ಶ್ರುತಿ ಮಾಡ್ಕೋತಿದಾರೆ ಕಣೋ" ಅಂದರು. ಓಬೋಗೂ ನಮ್ಮ ನಾಗಸ್ವರದ ಹಾಗೆ ಊದುವ ತುದಿಯಲ್ಲಿ ಜೋಡಿ ರೀಡ್, ಅಂದರೆ ತೆಳು ಪಟ್ಟಿಗಳ ಜೋಡಿ, ಇರುತ್ತದೆ ಅಂದೆ. ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳಿ ಬೆಳೆದವರು ಅಮ್ಮ. ಮಹಾರಾಜ ಜಯಚಾಮರಾಜ ಒಡೆಯರ್ ಈ ಸಂಗೀತಕ್ಕೆ ಎಷ್ಟು ಸೋತಿದ್ದರೆಂದರೆ, ರಷ್ಯಾದ ಸಂಗೀತಗಾರ ಮೆಡ್ಟ್‌ನರ್ ಕೃತಿಗಳ ರೆಕಾರ್ಡಿಂಗ್‌ಗೆ ಸ್ವಂತ ಹಣ ಕೊಟ್ಟಿದ್ದರು. ಮೈಸೂರಿನವರು ಇದು ನಮ್ಮದಲ್ಲ ಅನ್ನುವ ಹಾಗೇ ಇಲ್ಲ, ಅಲ್ವಾ?

ಚಪ್ಪಾಳೆ ಬಗ್ಗೆ ಒಂದು ಮಾತು. ನಮ್ಮ ಕಛೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕುತ್ತೇವೆ, ಮೃದಂಗದ ತನಿ ಮುಗಿದರೆ ಚಪ್ಪಾಳೆ ಹೊಡೆಯುತ್ತೇವೆ. ಇಲ್ಲಿ ಒಂದು ಸಿಂಫನಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ ಇರುತ್ತವೆ, ನಡುವೆ ಸಂಗೀತ ನಿಂತರೂ ಸುಮ್ನೆ ಇರಬೇಕು. ಗೊತ್ತಾಗದಿದ್ದರೆ ಕಂಡಕ್ಟರ್ ಕೈ ನೋಡಿ, ಕೈ ಪೂರ್ತಿ ಇಳಿಸಿ ಅವರು ಜನರ ಕಡೆ ತಿರುಗಿದ ಮೇಲೆ ಜೋರಾಗಿ ತಟ್ಟಿ. ಆಗಸ್ಟ್ ಕೊನೆಯಲ್ಲಿ ಸೀಸನ್ ಮುಗಿಸುವಾಗ ವಾಡಿಕೆಯಂತೆ ಬೀಥೋವನ್‌ನ ಅದೇ ಒಂಬತ್ತನೇ ಸಿಂಫನಿ ನುಡಿಸುತ್ತಾರೆ. ಕೊನೆಯಲ್ಲಿ ಇಡೀ ಗಾಯಕವೃಂದ ಎದ್ದು ಹಾಡುತ್ತದೆ. ಒಂದೇ ಸಲ ಹೋಗಲು ಆಗುವುದಾದರೆ ಅದಕ್ಕೆ ಹೋಗಿ, ಜನ ಮಾತ್ರ ಜಾಸ್ತಿ.

ಮುಗಿದ ಮೇಲೆ ಓಡಬೇಡಿ. ಪಾರ್ಕಿಂಗ್ ಅಂದರೆ ಕತ್ತಲೆಯ ಹುಲ್ಲು ಮೈದಾನ, ಕಾರು ನಿಲ್ಲಿಸಿದಾಗಲೇ ಯಾವ ಮರದ ಪಕ್ಕ ಅಂತ ಫೋಟೋ ತೆಗೆದಿಡಿ, ಟಾರ್ಚ್ ಇರಲಿ. ಕಾರುಗಳು ಹೊರಬೀಳಲು ಹೇಗೂ ತುಂಬಾ ಹೊತ್ತು ಹಿಡಿಯುತ್ತದೆ. ನಾವು ಫ್ಲಾಸ್ಕಿನಲ್ಲಿ ಕಾಫಿ ಉಳಿಸಿಕೊಂಡಿರುತ್ತೇವೆ. ಡಿಕ್ಕಿ ತೆಗೆದು, ಅದರ ಅಂಚಿಗೆ ಕೂತು, ಸಾಲು ಕರಗುವ ತನಕ ಕುಡಿಯುತ್ತೇವೆ.